ನವೆಂಬರಿನ ಇಪ್ಪತ್ತೊಂದು ಪುಟಗಳು

ಬೈರಯ್ಯ ಮೇಷ್ಟ್ರ ಕಥೆಯನ್ನು ನಮ್ಮ ಮನೆಗೆ ಬಂದವರಲ್ಲಿ ಕೇಳದವರಿಲ್ಲ. ಸಿಲಿಂಡರ್ ತಂದವನನ್ನೂ ಅಪ್ಪ ಒಮ್ಮೆ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದ್ದಾರೆ. ರೊಟ್ಟಿ ಮೆತ್ತಗೆ ಬಂದು ಶೇಂಗಾ ಚಟ್ನಿಗೆ ಖಾರ ಸರಿಯಾಗಿ ಬಿದ್ದ ದಿನವಂತೂ ಆ ಕಥೆ ಖಾಯಂ ಆಗಿತ್ತು. ಅಪ್ಪ ಗುರುಸಿದ್ದಯ್ಯ, ಹರಿಹರ ದಾವಣಗೆರೆ ಕಡೆ ಶಾಲಾ ಇನ್‌ಸ್ಪೆಕ್ಟರಾಗಿ ವರ್ಷಾನುಗಟ್ಟಲೆ ತಿರುಗಿ ನಿವೃತ್ತರಾದವರು. ಈಗ ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜೇ ಅವರ ತಾಲ್ಲೂಕು.

“ಆ ಬೈರಯ್ಯಂದು ಎಂಥ ಅಕ್ಷರ ಅಂತೀಯ! ಪಾಠ ಟಿಪ್ಪಣಿ ಪುಸ್ತಕ ತೆಗೆದ್ರೆ ಅಚ್ಚು ಹಾಕಿಸಿದಂಗೆ. ಹೆಡ್‌ಮಾಸ್ತರ ಸೈನೂ ಬಿದ್ದಿದೆ. ಬೇರೆ ಯಾರಾದ್ರೂ ಆಗಿದ್ರೆ ಶಭಾಷ್ ಅಂತ ಬರೆದು ಬರ್ತಿದ್ರು. ನಾನು ಅಕ್ಷರ ನೋಡ್ಲೇ ಇಲ್ಲ, ತಾರೀಖು ನೋಡ್ದೆ. ಒಂಬತ್ತು ದಿನ ಆಸಾಮಿ ಊರಲ್ಲೇ ಇಲ್ಲ, ಪುಸ್ತಕದಲ್ಲಿ ಮಾತ್ರ ಪಾಠ ನಡೀತಾ ಇದೆ!”

“ಎಲ್ಲಿಗೆ ಹೋಗಿದ್ರಂತೆ ಅಜ್ಜ?” ಎಂದು ನನ್ನ ಮಗಳು ಚೈತ್ರ ಕೇಳಬೇಕಿತ್ತು. ಅವಳಾಗ ಒಂಬತ್ತನೇ ಕ್ಲಾಸು. ಕೇಳದಿದ್ದರೆ ಅಜ್ಜ ಕಥೆ ಮುಂದುವರಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ದನದ ಗಣತಿಗೆ ಹಾಕಿದ್ರು ಸಾರ್ ಅಂತ ಅತ್ತ. ನೆಪ! ಒಬ್ಬೊಬ್ಬರಿಗೆ ಒಂದೊಂದು ನೆಪ. ಬರೆದೆ ನೋಡು ಕೆಂಪು ಇಂಕಲ್ಲಿ ರಿಮಾರ್ಕು, ವರ್ಷದ ಸಂಬಳದ ಬಡ್ತಿ ಅಲ್ಲಿಗೆ ನಿಲ್ತು. ಮೊದಲು ತಾರೀಖು ನೋಡು, ಆಮೇಲೆ ಅಕ್ಷರ ನೋಡು. ನನ್ನ ಕೈಕೆಳಗಿನ ಹುಡುಗರಿಗೆಲ್ಲ ಇದನ್ನೇ ಹೇಳಿಕೊಟ್ಟಿದ್ದು.”

ಅಪ್ಪ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನ್ನ ಹೆಂಡತಿ ಸೌಮ್ಯಶ್ರೀ ಮಾತ್ರ ನಕ್ಕದ್ದು ನನಗೆ ನೆನಪಿಲ್ಲ. ಅವಳು ನಾಯಂಡಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವಳು ನಗಲಿಲ್ಲ ಎನ್ನುವುದನ್ನು ನಾನು ಗಮನಿಸಿದ್ದೂ ಈ ಜನವರಿ ಕಳೆದ ಮೇಲೆಯೇ. ಅಷ್ಟು ಬುದ್ಧಿವಂತ ನಾನು.

ಹೋದ ನವೆಂಬರಿನಲ್ಲಿ ಅವಳನ್ನು ಮನೆಮನೆ ಸಮೀಕ್ಷೆಗೆ ಹಾಕಿದರು. ಮೂರನೇ ತಾರೀಖಿನಿಂದ ಇಪ್ಪತ್ತೇಳರವರೆಗೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಹಾಗೇ ಬಿಟ್ಟು, ಕೊರಳಿಗೆ ಕಾರ್ಡು ಹಾಕಿಕೊಂಡು, ಪವರ್ ಬ್ಯಾಂಕ್ ಹಿಡಿದು ನಂದಿನಿ ಲೇಔಟಿನ ಮನೆಗಳ ಬೆಲ್ ಒತ್ತುವುದು. ಮಹಡಿ ಹತ್ತಿದರೆ ಬಾಗಿಲು ತೆಗೆಯುವುದಿಲ್ಲ. ಬಾಗಿಲು ತೆಗೆದರೆ ಆ್ಯಪ್ ತೆಗೆಯುವುದಿಲ್ಲ. ಸಂಜೆ ಆರಕ್ಕೆ ಬಂದವಳು ಸೋಫಾದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ಅವ್ವ ಒಂದು ಬಕೆಟ್ ಬಿಸಿನೀರಿಗೆ ಕಲ್ಲುಪ್ಪು ಹಾಕಿ ತಂದು ಅವಳ ಕಾಲ ಹತ್ತಿರ ಇಡುತ್ತಿದ್ದರು. ಅವ್ವನಿಗೇ ಎರಡು ಮಂಡಿಯೂ ಹೋಗಿವೆ. ಆದರೂ ತರುತ್ತಿದ್ದರು.

“ಇವತ್ತು ಐವತ್ತೆರಡು ಮನೆ ಅತ್ತೆ. ಒಬ್ರು ನಾಯಿ ಬಿಟ್ರು.”

“ಅಯ್ಯೋ ಅವರ ಮನೆ ಹಾಳಾಗ! ಕಚ್ತೇನವ್ವ?”

“ಇಲ್ಲ. ಓಡಿದೆ.”

ಅಪ್ಪ ಟಿವಿ ಮುಂದೆ ಇದ್ದರು. “ಆ ಬಕೆಟ್ ಸ್ವಲ್ಪ ಆ ಕಡೆ ಇಟ್ಕೊ ಸೌಮ್ಯ, ಅಡ್ಡ ಬರುತ್ತೆ,” ಎಂದರು. ನಾನು ಪೀಣ್ಯದ ಪಂಪ್‌ಸೆಟ್ ಕಂಪನಿಯ ಸ್ಟೋರ್ಸಿನಿಂದ ಬಂದು, ಫೋನು ನೋಡುತ್ತಾ “ಹ್ಞಾಂ, ಹೌದಾ” ಅಂದಿರಬೇಕು. ದಿನಾ ಅವಳು ಎಷ್ಟು ಮನೆ ಎಂದು ಹೇಳುತ್ತಿದ್ದಳು. ದಿನಾ ನಾವು ಊಟ ಮಾಡಿ ಏಳುತ್ತಿದ್ದೆವು.

ಡಿಸೆಂಬರ್ ಕೊನೆಯಲ್ಲಿ ಇನ್ನೊಂದು ಆದೇಶ ಬಂತು. ಹೋದ ವರ್ಷ ಹತ್ತನೇ ಕ್ಲಾಸಿನ ಗಣಿತದಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳು ಪಾಸಾದ ಶಾಲೆಗಳಿಗೆ ತಂಡ ಬಂದು ಟೀಚರನ್ನು ಮೌಲ್ಯಮಾಪನ ಮಾಡುತ್ತದೆ. ಪಾಠ ಟಿಪ್ಪಣಿಗೆ ಇಷ್ಟು, ಬೋಧನೋಪಕರಣಕ್ಕೆ ಇಷ್ಟು, ಮಕ್ಕಳನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದ್ದಕ್ಕೆ ಇಷ್ಟು, ಒಟ್ಟು ನೂರು ಅಂಕ. ಐವತ್ತರ ಕೆಳಗೆ ಬಂದವರನ್ನು ಜೂನಿನಲ್ಲಿ ಬೇರೆ ತಾಲ್ಲೂಕಿಗೆ ಎತ್ತಿ ಹಾಕುತ್ತಾರೆ.

“ಬೇರೆ ತಾಲ್ಲೂಕು ಅಂದ್ರೆ ಎಲ್ಲಿ?” ಅವ್ವ ಕೇಳಿದರು.

“ಮಾಗಡಿ ಆಚೆ ಇರಬಹುದು. ಎರಡು ಬಸ್ಸು, ಆಮೇಲೆ ಸಿಕ್ಕಿದ ಆಟೋ,” ಎಂದಳು ಸೌಮ್ಯ.

“ಮತ್ತೆ ನನ್ನ ಟೆಂತು?” ಎಂದಳು ಚೈತ್ರ. “ಮ್ಯಾಥ್ಸ್ ನನಗೆ ಯಾರಮ್ಮ ಹೇಳ್ಕೊಡ್ತಾರೆ?”

“ನಿಮ್ಮಪ್ಪನ್ನ ಕೇಳು.”

ಚೈತ್ರ ನನ್ನ ಮುಖ ನೋಡಿ ತಟ್ಟೆ ಎತ್ತಿಕೊಂಡು ಹೋದಳು.

ಅಪ್ಪನಿಗೆ ಮಾತ್ರ ಜೀವ ಬಂದಂತಾಯಿತು. ಕನ್ನಡಕ ಒರೆಸಿ ಆದೇಶವನ್ನು ಎರಡು ಸಲ ಓದಿದರು. “ನಮ್ಮ ಮನೆತನದಲ್ಲಿ ಯಾರ ಫೈಲಿಗೂ ಕೆಂಪು ಇಂಕು ಬಿದ್ದಿಲ್ಲ. ಬೀಳೋದೂ ಇಲ್ಲ. ನಾನಿರುವಾಗ ನೀನ್ಯಾಕೆ ಹೆದರ್ತೀಯವ್ವ? ಇನ್‌ಸ್ಪೆಕ್ಷನ್ ಅಂದ್ರೆ ನನಗೆ ಹೇಳಿಕೊಡ್ತಾರಾ ಅವರು?”

ಆ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಹಾಲಿನಲ್ಲಿ ಡ್ರಾಯಿಂಗ್ ಶೀಟು, ಥರ್ಮಾಕೋಲು, ಅಂಟು. ಅವ್ವ ಹುಣಸೆಬೀಜ ತೊಳೆದು ಹತ್ತು ಹತ್ತಕ್ಕೆ ದಾರದಲ್ಲಿ ಪೋಣಿಸಿದರು. ಹತ್ತನೇ ಕ್ಲಾಸಿಗೆ ಹುಣಸೆಬೀಜ ಯಾಕೆ ಎಂದು ಸೌಮ್ಯ ಕೇಳಿದರೆ, “ಇರಲಿ, ಬೋಧನೋಪಕರಣ ಎಷ್ಟಿದ್ರೂ ಹೆಚ್ಚಲ್ಲ,” ಎಂದರು ಅಪ್ಪ. ಚೈತ್ರ ವೃತ್ತ ಕತ್ತರಿಸಿದಳು. ಅಡುಗೆ ನನ್ನ ಪಾಲಿಗೆ ಬಂತು. ಮೂರು ದಿನ ಚಿತ್ರಾನ್ನ, ಒಂದು ದಿನ ಉಪ್ಪಿಟ್ಟು, ಮತ್ತೆ ಚಿತ್ರಾನ್ನ.

“ನಾಳೆಯೂ ಚಿತ್ರಾನ್ನ ಮಾಡಿದ್ರೆ ನಾನು ಪಕ್ಕದ್ಮನೆಗೆ ಹೋಗ್ತೀನಿ,” ಎಂದಳು ಚೈತ್ರ.

“ಹೋಗು. ಹೋಗುವಾಗ ಆ ವೃತ್ತಗಳನ್ನೂ ತಗೊಂಡು ಹೋಗು.”

ನಿಜವಾದ ಹೊರೆ ಪಾಠ ಟಿಪ್ಪಣಿ. ಸೌಮ್ಯ ಜೂನಿನಿಂದ ಅಕ್ಟೋಬರ್ ಕೊನೆಯವರೆಗೆ, ಮತ್ತೆ ಡಿಸೆಂಬರಿನದ್ದು, ತನ್ನ ಒರಟು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಅದನ್ನೆಲ್ಲ ಈಗ ಹೊಸ ನಮೂನೆಯ ಉದ್ದ ಪುಸ್ತಕಕ್ಕೆ, ದಿನಕ್ಕೊಂದು ಪುಟದಂತೆ, ಆರು ಕಾಲಂ ಮಾಡಿ ಇಳಿಸಬೇಕು. ಹಗಲೆಲ್ಲ ಶಾಲೆ, ಆಮೇಲೆ ಸಂಜೆ ಸ್ಪೆಷಲ್ ಕ್ಲಾಸು, ಬಸ್ಸಿಳಿದು ಬಂದ ಮೇಲೆ ಪೋರ್ಟಲಿಗೆ ಅಂಕ ತುಂಬುವುದು. ಎರಡು ಪುಟ ಬರೆಯುವಷ್ಟರಲ್ಲಿ ಅವಳು ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳು.

“ಕೊಡಿಲ್ಲಿ,” ಎಂದರು ಅಪ್ಪ. “ನೀನು ಮಕ್ಕಳನ್ನ ನೋಡ್ಕೊ. ಬರೆಯೋದು ನನಗೆ ಬಿಡು.”

“ಬೇಡ ಮಾವ, ನಿಮಗೆ ತೊಂದರೆ.”

“ಎಂಥ ತೊಂದರೆ? ಕೂತು ಕೂತು ಕೈಗೆ ತುಕ್ಕು ಹಿಡಿದಿದೆ.”

ಹೀಗೆ ಕೊಟ್ಟಳು. ನಾನೂ “ಕೊಡೇ, ಅಪ್ಪನ ಅಕ್ಷರ ನೋಡಿದ್ರೆ ಬಂದವರು ಬಾಯಿ ಮುಚ್ಕೊಂಡು ಹೋಗ್ತಾರೆ” ಎಂದೆ. ಹನ್ನೊಂದು ದಿನ ಅಪ್ಪ ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಒಣಗುವ ಮೊದಲೇ ಬರೆಯಲು ಕೂರುತ್ತಿದ್ದರು. ಪಕ್ಕದಲ್ಲಿ ಗೋಡೆಯಿಂದ ಇಳಿಸಿದ ಕ್ಯಾಲೆಂಡರು. ಭಾನುವಾರ, ಹಬ್ಬ, ಜಯಂತಿ ಒಂದೂ ತಪ್ಪದಂತೆ ನೋಡಿ ನೋಡಿ ಬರೆದರು. ಊಟಕ್ಕೆ ಕರೆದರೆ “ಈ ಪೈಥಾಗೊರಸನ್ನ ಮುಗಿಸಿ ಬರ್ತೀನಿ” ಅನ್ನುತ್ತಿದ್ದರು. ಅವ್ವ ಅನ್ನ ಮೂರು ಸಲ ಬಿಸಿ ಮಾಡಿ ಬೈದುಕೊಂಡರು.

ತಂಡ ಬರುವ ಹಿಂದಿನ ದಿನ ಪುಸ್ತಕ ಸಿದ್ಧವಾಯಿತು. ಸೌಮ್ಯ ಹಾಳೆ ಮಗುಚಿ, “ಎಷ್ಟು ಚೆನ್ನಾಗಿ ಬರೆದಿದೀರ ಮಾವ” ಎಂದು, ತೋರಿಸಿದಲ್ಲೆಲ್ಲ ಸೈನು ಹಾಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, ಕುಕ್ಕರಿನ ಕೂಗು ಎಣಿಸುತ್ತಾ ಹಾಕಿದ ಸೈನು ಅದು. ಮರುದಿನ ಅವಳ ಹೆಡ್‌ಮಿಸ್ ಪಂಕಜಾ ಮೇಡಂ ಕೂಡ ನಿಂತಲ್ಲೇ ಎಂಟು ತಿಂಗಳ ವಾರದ ಸೈನು ಹಾಕಿ ಮುಗಿಸಿದರಂತೆ.

ಅಂದು ಶನಿವಾರ, ಬೆಳಗಿನ ಶಾಲೆ. ಎರಡು ಗಂಟೆಗೆ ಬರಬೇಕಾದವಳು ಮೂರೂವರೆಗೆ ಬಂದಳು. ನಾವು ನಾಲ್ಕೂ ಜನ ಹಾಲಿನಲ್ಲಿ ಪೇಪರ್ ಹಾಸಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಬೆಂಗಳೂರಿಗೆ ಬಂದು ನಮ್ಮವ್ವ ಕಲಿತ ಅಡುಗೆ ಇದೊಂದೇ. ಸೌಮ್ಯ ಬ್ಯಾಗು ಇಟ್ಟು, ಕೈಕಾಲು ತೊಳೆದು ಬಂದು ಅವ್ವನ ಪಕ್ಕ ಕೂತು ಒಂದು ಹಿಡಿ ಕಾಳು ಎಳೆದುಕೊಂಡಳು.

“ಏನಂದ್ರವ್ವ? ಅಕ್ಷರ ನೋಡಿ ಏನಂದ್ರು?” ಅಪ್ಪ ತಡೆಯಲಾರದೆ ಕೇಳಿದರು.

“ಹೊಗಳಿದ್ರು ಮಾವ. ಇಂಥ ಅಕ್ಷರ ನೋಡಿ ವರ್ಷಗಳಾಯ್ತು ಅಂದ್ರು.”

“ಹ್ಞೂಂ!” ಅಪ್ಪ ನನ್ನ ಕಡೆ ನೋಡಿದರು.

“ಐದು ಮಕ್ಕಳನ್ನ ಬೋರ್ಡಿಗೆ ಕರೆದ್ರು. ತ್ರಿಕೋನಮಿತಿ ಲೆಕ್ಕ ಕೊಟ್ರು. ಒಬ್ಬಳು ಅರ್ಧ ಮಾಡಿದ್ಲು. ಉಳಿದವರು ಚಾಕ್‌ಪೀಸ್ ಹಿಡ್ಕೊಂಡು ನಿಂತ್ರು.”

“ಯಾಕೆ? ಪಾಠ ಆಗಿದೆಯಲ್ಲ? ಹನ್ನೆರಡು ಪಿರಿಯಡ್ ಬರೆದಿದೀನಿ ನಾನು.”

ಸೌಮ್ಯ ಕಾಳು ಹಿತುಕುವುದನ್ನು ನಿಲ್ಲಿಸಿದಳು. “ಅದೇ ಮಾವ. ಯಾವ ತಿಂಗಳಿಗೆ ಬರೆದ್ರಿ?”

“ನವೆಂಬರಿಗೆ. ನಿನ್ನ ಒರಟು ಪುಸ್ತಕದಲ್ಲಿ ನವೆಂಬರ್ ಪೂರ್ತಿ ಖಾಲಿ ಇತ್ತು. ಬರೆಯೋಕೆ ಮರೆತಿದೀಯ ಅಂದ್ಕೊಂಡೆ. ಖಾಲಿ ಬಿಟ್ರೆ ಮೊದಲು ಅಲ್ಲಿಗೇ ಕೈ ಹಾಕ್ತಾರೆ. ಸಿಲಬಸ್ ನೋಡಿ ನಾನೇ ಹಂಚಿ ಬರೆದೆ. ಎಂಟನೇ ತಾರೀಖು ಕನಕ ಜಯಂತಿ, ಅದನ್ನ ಬಿಟ್ಟಿದೀನಿ. ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ ಅಂತ ಅರ್ಧ ಪಿರಿಯಡ್ ಮಾತ್ರ ಹಾಕಿದೀನಿ. ಒಂದು ತಪ್ಪು ಹುಡುಕು ನೋಡೋಣ.”

ಅವ್ವನ ಕೈ ನಿಂತಿತು. ಚೈತ್ರ ನನ್ನನ್ನು ನೋಡಿದಳು. ನನಗೂ ಆಗಲೇ ಹೊಳೆದದ್ದು.

“ನವೆಂಬರಲ್ಲಿ ನಾನು ಶಾಲೇಲೇ ಇರಲಿಲ್ಲ ಮಾವ. ಸಮೀಕ್ಷೇಲಿದ್ದೆ,” ಎಂದಳು ಸೌಮ್ಯ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಹಾಲಿನವನು ಬಂದಿದ್ದ ಅನ್ನುವ ಹಾಗೆ ಹೇಳಿದಳು. “ಬೇಗ ಮುಗಿಸಿದೆ ಅಂತ ನನಗೆ ಪ್ರಶಂಸಾಪತ್ರ ಕೊಟ್ಟಿದ್ರಲ್ಲ, ಪಂಕಜಾ ಮೇಡಂ ಅದನ್ನ ಆಫೀಸ್ ರೂಮಿನ ಗೋಡೆಗೆ ಹಾಕ್ಸಿದ್ರು. ಬಂದ ಸಾಹೇಬ್ರು ಕಾಫಿ ಕುಡೀತಾ ಅದನ್ನ ಓದಿದ್ರು. ಮೂರರಿಂದ ಇಪ್ಪತ್ತೇಳು. ಆಮೇಲೆ ಪುಸ್ತಕ ತರಿಸಿ ತಾರೀಖು ನೋಡಿದ್ರು. ಇಪ್ಪತ್ತೊಂದು ಪುಟ.”

“ತಾರೀಖು ನೋಡಿದ್ರಾ,” ಎಂದರು ಅಪ್ಪ.

“ಹೌದು. ‘ಬೇಜಾರು ಮಾಡ್ಕೋಬೇಡಿ ಮೇಡಂ, ಹರಿಹರದಲ್ಲಿ ಗುರುಸಿದ್ದಯ್ಯ ಅಂತ ನಮ್ಮ ಗುರುಗಳೊಬ್ಬರಿದ್ರು, ಮೊದಲು ತಾರೀಖು ನೋಡು, ಆಮೇಲೆ ಅಕ್ಷರ ನೋಡು ಅಂತ ಹೇಳಿಕೊಟ್ಟಿದ್ರು’ ಅಂತ ಕೈ ಮುಗಿದು ಹೇಳಿದ್ರು. ರಾಜೇಂದ್ರ ಅಂತ ಅವರ ಹೆಸರು.”

ಅಪ್ಪನ ಬೆರಳ ಸಂದಿಯಲ್ಲಿ ಒಂದು ಅವರೆಕಾಳು ಹಾಗೇ ಉಳಿಯಿತು.

“ನಾನು ಬರೆದದ್ದು ಅಂತ ಹೇಳ್ಬೇಕಿತ್ತು ನೀನು,” ಎಂದರು ಕೊನೆಗೆ.

“ಅವರು ನಿಮ್ಮ ಹೆಸರು ಹೇಳಿ ಕೈ ಮುಗೀತಿದ್ರು ಮಾವ. ಹೆಂಗೆ ಹೇಳ್ಲಿ? ನಾನೇ ಬರೆದಿದ್ದು ಅಂದೆ.”

“ಮೊದಲೇ ನನಗೆ ಹೇಳಿದ್ರೆ ಇದೆಲ್ಲ ಆಗ್ತಿರಲಿಲ್ಲ. ಸಮೀಕ್ಷೆಗೆ ಹೋಗಿದ್ದೆ ಅಂತ ಒಂದು ಮಾತು—”

ಅವ್ವ ಎದುರಿಗಿದ್ದ ಪಾತ್ರೆಯನ್ನು ದಬಕ್ಕನೆ ದೂಡಿದರು. “ಸಾಕು ಮಾಡ್ರಿ! ಒಂದು ಮಾತಂತೆ! ದಿನಾ ಸಂಜೆ ಇಲ್ಲೇ ಕೂತು ಹೇಳಿದ್ಲು. ಇವತ್ತು ಇಷ್ಟು ಮನೆ, ಇವತ್ತು ನಾಯಿ ಬಿಟ್ರು, ಇವತ್ತು ಲಿಫ್ಟ್ ಕೆಟ್ಟಿತ್ತು ಅಂತ. ನಿಮ್ಮ ಕಿವಿ ಎಲ್ಲಿತ್ತು? ಬಕೆಟ್ ಅಡ್ಡ ಆಗುತ್ತೆ ಅಂದೋರು ನೀವೇ ಅಲ್ವಾ? ಆ ಬಕೆಟ್ ಯಾಕೆ ಬಂದಿತ್ತು ಅಂತ ಒಂದು ದಿನ ಕೇಳಿದ್ರಾ?”

“ಅವ್ವ, ಹೋಗ್ಲಿ ಬಿಡು,” ಎಂದೆ.

“ನೀನು ಬಾಯಿ ಮುಚ್ಚು. ನೀನೇನು ಕಮ್ಮಿನಾ? ಆ ಫೋನು ತಗೊಂಡು ಒಲೆಗೆ ಹಾಕ್ಬೇಕು. ಗಂಡನಾಗಿ ನಿನಗೂ ಗೊತ್ತಾಗ್ಲಿಲ್ವಲ್ಲ!”

ಗೊತ್ತಾಗಲಿಲ್ಲ. ಅಪ್ಪ ಬರೆಯುತ್ತಿದ್ದ ಪುಸ್ತಕದಲ್ಲಿ ನವೆಂಬರ್ ಎಂಬ ಶಿರೋನಾಮೆಯನ್ನು ನಾನೇ ಎರಡು ಸಲ ಕಂಡಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿ ಕಾಳು ಹಿತುಕಿದೆ. ಅಂದಿನ ಹಿತುಕಿದ ಬೇಳೆ ಸಾರು ಯಾರಿಗೂ ರುಚಿಸಲಿಲ್ಲ. ಸೌಮ್ಯ ಮಾತ್ರ, “ನಾನೂ ಓದದೆ ಸೈನು ಹಾಕಿದೆ ಅತ್ತೆ, ತಪ್ಪು ನಂದೂ ಇದೆ,” ಎಂದು ಎಲ್ಲರಿಗೂ ಬಡಿಸಿದಳು.

ಬುಧವಾರ ನೋಟಿಸು ಬಂತು. ನೂರಕ್ಕೆ ಮೂವತ್ತೆಂಟು. ಜೊತೆಗೆ, ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು. ಅಪ್ಪ ಅದನ್ನು ಓದಿ ತಮ್ಮ ರೂಮಿಗೆ ಹೋದವರು ಊಟಕ್ಕೂ ಬರಲಿಲ್ಲ. ಚೈತ್ರ ತಟ್ಟೆ ಹಿಡಿದು ಹೋಗಿ ವಾಪಸು ಬಂದಳು.

“ಅಜ್ಜ ಗೋಡೆ ನೋಡ್ಕೊಂಡು ಮಲಗಿದಾರೆ. ಹಸಿವಿಲ್ವಂತೆ.”

“ಹಸೀಲಿ,” ಎಂದರು ಅವ್ವ. ಆದರೂ ರೊಟ್ಟಿ ಮುಚ್ಚಿಟ್ಟರು.

ಶುಕ್ರವಾರ ಅಪ್ಪ ಹರಿಹರದ ಹಳೆಯ ಗೆಳೆಯರಿಂದ ನಂಬರ್ ಪಡೆದು ಫೋನು ಮಾಡಿದರು. “ರಾಜೇಂದ್ರ, ನಾನಪ್ಪ, ಗುರುಸಿದ್ದಯ್ಯ. ಭಾನುವಾರ ಮನೆಗೆ ಬಂದು ಹೋಗು. ನಾಯಂಡಹಳ್ಳಿ ಕಡೆ ಶಾಲೆಯ ಗಣಿತದ ಟಿಪ್ಪಣಿ ಪುಸ್ತಕ ನಿನ್ನ ಹತ್ರ ಇದೆಯಲ್ಲ, ಅದನ್ನೂ ಹಿಡ್ಕೊಂಡು ಬಾ.”

ಸೌಮ್ಯ ಅಡುಗೆಮನೆಯಿಂದ ಬಂದಳು. “ನನಗೋಸ್ಕರ ಯಾರ ಹತ್ರಾನೂ ಕೇಳ್ಕೋಬೇಡಿ ಮಾವ.”

“ಬರ್ಲಿ. ಕಾಫಿ ಕುಡಿದು ಹೋಗ್ಲಿ,” ಎಂದರು ಅಪ್ಪ, ಅವಳ ಮುಖ ನೋಡದೆ.

ಭಾನುವಾರ ಹತ್ತು ಗಂಟೆಗೆ ರಾಜೇಂದ್ರ ದಾಳಿಂಬೆಯ ಚೀಲ ಹಿಡಿದು ಬಂದರು. ಐವತ್ತೈದರ ಆಸುಪಾಸಿನ ಮನುಷ್ಯ, ತಲೆಗೆ ಬಣ್ಣ ಹಚ್ಚಿದ್ದರೂ ಮೀಸೆ ಬಿಳಿ. ಅಪ್ಪನ ಕಾಲು ಮುಟ್ಟಿ, “ಸಾರ್, ಬೆಂಗಳೂರಲ್ಲೇ ಇದ್ದೂ ಇಷ್ಟು ದಿನ ಗೊತ್ತಾಗ್ಲಿಲ್ಲ” ಎಂದು ಸಂಕೋಚಪಟ್ಟರು. ಸೌಮ್ಯ ಕಾಫಿ ತಂದಾಗ ಲೋಟ ತೆಗೆದುಕೊಳ್ಳಲು ಚಾಚಿದ ಕೈ ಅಲ್ಲೇ ನಿಂತಿತು.

“ಮೇಡಂ, ನೀವು ಇಲ್ಲಿ?”

“ನನ್ನ ಸೊಸೆ,” ಎಂದರು ಅಪ್ಪ. “ಆ ಟಿಪ್ಪಣಿ ಬರೆದದ್ದು ಇವಳಲ್ಲಪ್ಪ. ನಾನು.”

ರಾಜೇಂದ್ರ ಪುಸ್ತಕ ತೆರೆದು ನೋಡಿದರು, ಅಪ್ಪನನ್ನು ನೋಡಿದರು. “ಅದಕ್ಕೇ... ಈ ಅಕ್ಷರ ಎಲ್ಲೋ ನೋಡಿದೀನಿ ಅನ್ನಿಸ್ತು ಸಾರ್,” ಎಂದು ತೊದಲಿದರು. ಸ್ವಲ್ಪ ಹೊತ್ತು ಕಾಫಿ ಕುಡಿದು ಸುಧಾರಿಸಿಕೊಂಡರು. “ಇದೇನು ದೊಡ್ಡದಲ್ಲ ಸಾರ್. ನೋಟಿಸಿಗೆ ಉತ್ತರ ಇನ್ನೂ ಹೋಗಿಲ್ಲ ತಾನೇ? ಹೊಸ ಪುಸ್ತಕ ಬರೆದು ಕೊಡ್ಲಿ. ಮೊದಲನೇದು ತಪ್ಪಾಗಿ ಬಂದಿತ್ತು, ಅಸಲು ಇದು ಅಂತ ನಾನು ಫೈಲಿಗೆ ಹಾಕ್ತೀನಿ. ಅಂಕನೂ ಒಂಚೂರು ಸರಿ ಮಾಡಬಹುದು.”

“ಅಷ್ಟೇನಾ?” ಅಪ್ಪನ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗಾಯಿತು. “ಎರಡು ದಿನದಲ್ಲಿ ಬರೆದು ಕೊಡ್ತೀನಿ ನಾನು.”

ನನಗೂ ಜೀವ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಮಾಗಡಿಯ ಬಸ್ಸು ಕಣ್ಣ ಮುಂದಿನಿಂದ ಹೋಯಿತು ಅಂದುಕೊಂಡೆ.

ಸೌಮ್ಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. “ಹೊಸ ಪುಸ್ತಕದಲ್ಲಿ ನವೆಂಬರಿಗೆ ಏನು ಬರೀಬೇಕು ಸಾರ್?”

“ಅದು... ಆ ಪಾಠಗಳನ್ನ ಡಿಸೆಂಬರಿನ ಪುಟಗಳಿಗೆ ಹಂಚಿ—”

“ಸಮೀಕ್ಷೇಲಿದ್ದೆ ಅಂತ ಬರೆಯೋಕಾಗಲ್ವಾ?”

“ಆ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ ಮೇಡಂ. ಸಿಲಬಸ್ ಎಷ್ಟಾಗಿದೆ, ಮಕ್ಕಳಿಗೆ ಎಷ್ಟು ಬರುತ್ತೆ, ಅಷ್ಟೇ. ಯಾಕೆ ಆಗಿಲ್ಲ ಅನ್ನೋಕೆ ಜಾಗ ಇಲ್ಲ.”

“ನಾನು ಹೋಗಿದ್ದು ಸರ್ಕಾರದ ಆದೇಶದ ಮೇಲೇ ಅಲ್ವಾ ಸಾರ್? ಕಳಿಸಿದೋರೂ ನೀವೇ, ಯಾಕೆ ಪಾಠ ಆಗಿಲ್ಲ ಅನ್ನೋರೂ ನೀವೇ. ನಾನು ಹೇಳಿಕೊಟ್ಟಿಲ್ಲ, ಅದಕ್ಕೆ ಮಕ್ಕಳಿಗೆ ಬರಲಿಲ್ಲ. ಹೊಸ ಪುಸ್ತಕದಲ್ಲೂ ಹೇಳಿಕೊಟ್ಟಿದೀನಿ ಅಂತಾನೇ ಇದ್ರೆ, ಆ ಮಕ್ಕಳು ದಡ್ಡರು ಅಂತ ಆಯ್ತು. ಅವರು ದಡ್ಡರಲ್ಲ.” ಇಷ್ಟೂ ದಿನದಲ್ಲಿ ಅವಳು ಅತ್ತದ್ದು ಆಗಲೇ.

ಅಪ್ಪ ರಾಜೇಂದ್ರರ ಕಡೆ ತಿರುಗಿದರು. “ಕಾಲಂ ಯಾಕಿಲ್ಲ?”

“ನಾವು ಇರೋ ಫಾರಂ ತುಂಬೋರು ಸಾರ್,” ಎಂದರು ರಾಜೇಂದ್ರ ಮೆಲ್ಲಗೆ. “ನಿಮ್ಮ ಕಾಲದಲ್ಲಿ ಇತ್ತಾ?”

“ಇರಲಿಲ್ಲ,” ಎಂದರು ಅಪ್ಪ. ಆಮೇಲೆ, “ಚೈತ್ರ, ನನ್ನ ಕೆಂಪು ಪೆನ್ನು ತಗೊಂಡು ಬಾ.”

ಅದು ಇನ್‌ಸ್ಪೆಕ್ಷನ್ನಿಗೆಂದೇ ಅಪ್ಪ ಇಟ್ಟುಕೊಂಡಿದ್ದ ಪೆನ್ನು. ಈಗ ಚೈತ್ರಳ ಪ್ರಬಂಧ ತಿದ್ದಲು ಮಾತ್ರ ಹೊರಗೆ ಬರುತ್ತದೆ, ಅವಳಿಗೆ ಅದನ್ನು ಕಂಡರಾಗದು. ಅಪ್ಪ ಪುಸ್ತಕ ಎಳೆದುಕೊಂಡು ನವೆಂಬರ್ ಮೂರರ ಪುಟ ತೆಗೆದರು. ತಾವೇ ಹನ್ನೊಂದು ದಿನ ಕೂತು ಬರೆದ ಅಕ್ಷರದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ಕೆಳಗೆ ಬರೆದರು: ‘ಈ ದಿನ ಪಾಠ ನಡೆದಿಲ್ಲ. ಶಿಕ್ಷಕಿಯು ಆದೇಶದ ಮೇರೆಗೆ ಸಮೀಕ್ಷೆಯಲ್ಲಿದ್ದರು. ಈ ಪುಟವನ್ನು ವಿಚಾರಿಸದೆ ಬರೆದವನು ನಾನು.’ ಅದರಡಿ ಪೂರ್ತಿ ಹೆಸರು, ನಿವೃತ್ತ ಶಾಲಾ ಇನ್‌ಸ್ಪೆಕ್ಟರ್, ಸೈನು.

“ಸಾರ್, ಇದು ಫೈಲಿಗೆ ಹೋದ್ರೆ ನಿಮ್ಮ ಹೆಸರು ಎಲ್ಲರ ಬಾಯಿಗೂ ಬೀಳುತ್ತೆ,” ರಾಜೇಂದ್ರ ಎದ್ದು ನಿಂತರು.

“ಬೀಳ್ಲಿ. ಕೂತ್ಕೋ. ಇನ್ನೂ ಇಪ್ಪತ್ತಿದೆ.”

ಪುಟಕ್ಕೊಂದರಂತೆ ಇಪ್ಪತ್ತೊಂದೂ ಬರೆದರು. ಹದಿನಾಲ್ಕನೇ ತಾರೀಖಿನ ಅರ್ಧ ಪಿರಿಯಡ್ಡನ್ನೂ ಬಿಡಲಿಲ್ಲ. ಅವ್ವ ಬಂದು ಪಕ್ಕದಲ್ಲಿ ನಿಂತು ಒಂದೊಂದೇ ಹಾಳೆ ಮಗುಚಿ ಕೊಟ್ಟರು. ಕೊನೆಯ ಸೈನು ಹಾಕಿ ಪೆನ್ನಿನ ಮುಚ್ಚಳ ಹುಡುಕುತ್ತಾ ಅಪ್ಪ, “ಬೈರಯ್ಯ ದನದ ಗಣತಿಗೇ ಹೋಗಿದ್ದ ಕಣೋ ರಾಜೇಂದ್ರ,” ಎಂದರು.

ರಾಜೇಂದ್ರ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಗೇಟಿನ ಹತ್ತಿರ ನನ್ನ ಕೈ ಹಿಡಿದು, “ನನ್ನ ಕೈಲಾದದ್ದು ಮಾಡ್ತೀನಿ,” ಎಂದರು. ಮಾಡಿದರು ಕೂಡ. ಸುಳ್ಳು ದಾಖಲೆಯ ಆರೋಪ ಒಂದು ಎಚ್ಚರಿಕೆಯ ಪತ್ರಕ್ಕೆ ಇಳಿಯಿತು. ಮೂವತ್ತೆಂಟು ಮಾತ್ರ ಮೂವತ್ತೆಂಟಾಗಿಯೇ ಉಳಿಯಿತು, ಅದನ್ನು ಯಾಕೆ ತಿದ್ದಿದ್ದು ಎಂದು ಬರೆಯಲು ಫಾರಂನಲ್ಲಿ ಕಾಲಂ ಇಲ್ಲವಂತೆ. ಪರೀಕ್ಷೆಯವರೆಗೂ ಸೌಮ್ಯ ಭಾನುವಾರವೂ ಶಾಲೆಗೆ ಹೋಗಿ ತ್ರಿಕೋನಮಿತಿ ಮಾಡಿ ಮುಗಿಸಿದಳು. ಬೋರ್ಡಿನ ಮುಂದೆ ನಿಂತಿದ್ದ ಆ ಐವರಲ್ಲಿ ನಾಲ್ವರು ಪಾಸಾದರು. ಆ ಹೊತ್ತಿಗೆ ಅವಳ ವರ್ಗಾವಣೆಯ ಪಟ್ಟಿ ಹೊರಟಾಗಿತ್ತು.

ಜೂನಿನಿಂದ ಅವಳು ಮಾಗಡಿ ಆಚೆಯ ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ಆರೂಕಾಲಕ್ಕೆ ಮನೆ ಬಿಡಬೇಕು. ಡಬ್ಬಿ ನಾನು ಕಟ್ಟುತ್ತೇನೆ, ಚಿತ್ರಾನ್ನ ಬಿಟ್ಟು ಬೇರೆ ಎರಡು ಕಲಿತಿದ್ದೇನೆ. ಚೈತ್ರ ಟ್ಯೂಷನ್ನಿಗೆ ಸೇರಿದ್ದಾಳೆ, ಗೊಣಗುತ್ತಾಳೆ. ಅವ್ವನ ಮಂಡಿ ಇನ್ನಷ್ಟು ಹೋಗಿದೆ. ಬೈರಯ್ಯ ಮೇಷ್ಟ್ರ ಕಥೆ ಈಗ ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಮೊನ್ನೆ ಸಂಜೆ ಏಳಾಗಿತ್ತು. ಸೌಮ್ಯ ಬಂದು ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕುಸಿದಳು. ಅಪ್ಪ ಟಿವಿ ಆಫ್ ಮಾಡಿದರು.

“ಇವತ್ತು ಶಾಲೇಲಿದ್ಯಾ, ಬೇರೆ ಕಡೆ ಹಾಕಿದ್ರಾ?”

“ವೋಟರ್ ಲಿಸ್ಟಿಗೆ ಹಾಕಿದಾರೆ ಮಾವ. ಹದಿನೈದು ದಿನ.”

ಅಪ್ಪ ಎದ್ದು ಹೋಗಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೆಂಪು ಪೆನ್ನಿನಿಂದ ಏನೋ ಬರೆದರು. “ಎಷ್ಟು ಮನೆ?”

“ನಲವತ್ತು. ಊರಿಂದ ಊರಿಗೆ ನಡೀಬೇಕು.”

ಅವರು ಪೆನ್ನು ಜೇಬಿಗೆ ಸಿಕ್ಕಿಸಿ, ಬಚ್ಚಲಿಗೆ ಹೋಗಿ ಬಕೆಟ್ ತಂದರು. ಗೀಸರಿನ ಬಿಸಿನೀರು ಹಿಡಿದರು. ಅರ್ಧ ಚೆಲ್ಲಿತು. ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಗಳನ್ನು ಒಂದೊಂದಾಗಿ ತೆಗೆದು ಮುಚ್ಚುವ ಸದ್ದು ಕೇಳಿಸಿತು.

“ಗಿರಿಜಾ, ಈ ಮನೇಲಿ ಕಲ್ಲುಪ್ಪು ಎಲ್ಲಿಟ್ಟಿರ್ತೀಯೆ?”

ಅವ್ವ ಮಂಡಿ ಹಿಡಿದುಕೊಂಡು ಕೂತಲ್ಲಿಂದ ಏಳಲಿಲ್ಲ. “ಹುಡುಕ್ರಿ, ಅಲ್ಲೇ ಇದೆ,” ಎಂದರು.